ಜಾಲಪತ್ರಿಕೆಯ ಮೊದಲ ಏರ್ಪಾಡು

ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ರೈತಸಂಘಗಳು ನಾರಾಯಣಪುರ ಎಡದಂಡೆ ಕಾಲುವೆಯ ನೀರಿನ ಸರದಿ, ಹತ್ತಿಯ ಕೀಟಬಾಧೆ ಮುಂತಾದ ಸಂಗತಿಗಳನ್ನು ವರ್ಡ್‌ಪ್ರೆಸ್ ಮೂಲಕ ಪ್ರಕಟಿಸಬಹುದು. ಬಿತ್ತುವ ಮೊದಲು ಕೂರಿಗೆಯನ್ನು ಸಜ್ಜುಗೊಳಿಸುವಂತೆ, ಬರೆಯುವ ಮೊದಲು ಅದರ ‘ಸೆಟ್ಟಿಂಗ್ಸ್’ ಭಾಗವನ್ನು ಸರಿಪಡಿಸತಕ್ಕದ್ದು.

1. ‘ಜನರಲ್’ ಎಂಬಲ್ಲಿ ಕಾಲವಲಯವನ್ನು ಕೋಲ್ಕತಕ್ಕೆ ಇಡಬೇಕು. ಯುಟಿಸಿ ಕಾಲವೇ ಉಳಿದರೆ, ಅದು ನಮ್ಮದಕ್ಕಿಂತ 5 ಗಂಟೆ 30 ನಿಮಿಷ ಹಿಂದಿರುವುದರಿಂದ, ಮಂಗಳವಾರ ಬೆಳಗಿನ 5 ಗಂಟೆಗೆ ಬರೆದುದಕ್ಕೆ ಸೋಮವಾರದ ತಾರೀಖು ಬೀಳುವುದು. ‘ನಾಳೆ ನೀರು’ ಎಂದು ಓದಿದ ರೈತನು ತನ್ನ ಸರದಿಯ ದಿನವನ್ನೇ ತಪ್ಪು ತಿಳಿಯುವನು.

2. ‘ರೀಡಿಂಗ್’ನಲ್ಲಿ ಶೋಧಯಂತ್ರಗಳನ್ನು ತಡೆಯುವ ಗುರುತಿದ್ದರೆ ಅಳಿಸಬೇಕು.

3. ‘ಪರ್ಮಾಲಿಂಕ್ಸ್’ನಲ್ಲಿ ವಿಳಾಸದ ಕ್ರಮವನ್ನು ಮೊದಲೇ ನಿಶ್ಚಯಿಸಬೇಕು, ಮುಂದೆ ಬದಲಿಸಿದರೆ ಹಂಚಿದ ವಿಳಾಸಗಳು ಕೆಡಬಹುದು.

ಕಡೆಗೆ ಒಂದು ಪರೀಕ್ಷಾಲೇಖನವನ್ನು ಪ್ರಕಟಿಸಿ, ತಾರೀಖನ್ನೂ ವೇಳೆಯನ್ನೂ ಗಡಿಯಾರದೊಡನೆ ಹೋಲಿಸಿ ನೋಡತಕ್ಕದ್ದು.