ರೇಡಿಯೇಟರ್ ತುಂಬಿದೆಯೇ? – ಒಂದು ಪಾಠದ ಅನುಭವ

ತರಗತಿ: 7. ವಿಷಯ: ವಿಜ್ಞಾನ. ಘಟಕ: ಉಷ್ಣ.

ಉಷ್ಣ ಸಂವಹನಕ್ಕೆ ನಿತ್ಯಜೀವನದ ಉದಾಹರಣೆಯಾಗಿ ಟ್ರ್ಯಾಕ್ಟರಿನ ರೇಡಿಯೇಟರನ್ನು ಆರಿಸಿಕೊಂಡಿದ್ದೆ. ರಾಯಬಾಗ ತಾಲ್ಲೂಕಿನ ಶಾಲೆ, ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಸದ್ದಿನಲ್ಲೇ ಪಾಠ ನಡೆಯಿತು. ಚಿತ್ರ ಬರೆದು, “ನೀರು ಬಾಯಿಯವರೆಗೆ ಕಂಡರೆ ತುಂಬಿತು ಎಂದರ್ಥ” ಎಂದೆ. ಹಿಂದಿನ ಸಾಲಿನ ಹುಡುಗ ಎದ್ದ.

“ಸರ, ತುಂಬಿದಂಗ ಕಾಣತೈತ್ರಿ. ಗಾಡಿ ಚಾಲೂ ಮಾಡಿದ ಮ್ಯಾಲ ನೀರ ಇಳೀತೈತಿ. ನಮ್ಮ ಕಾಕಾ ಮತ್ತ ಹಾಕತಾರ್ರಿ. ಆ ನೀರ ಎಲ್ಲಿ ಹೋಗತೈತ್ರಿ?”

ಆವಿಯಾಗಿರಬಹುದು ಎಂದುಬಿಟ್ಟೆ. ತಪ್ಪು ಉತ್ತರ. ಸಂಜೆ ಒಂದು ಗ್ಯಾರೇಜಿನಲ್ಲಿ ಕೇಳಿದಾಗ ಮೇಸ್ತ್ರಿ ನಕ್ಕರು: “ಒಳಗ ಏರ್ ಹಿಡದಿರತೈತ್ರಿ ಸರ.”

ಖಾಲಿಯಾದ ಎಂಜಿನ್ನಿಗೆ ನೀರು ಸುರಿದಾಗ ಒಳಗಿನ ಗಾಳಿಗೆ ಹೊರಬರಲು ದಾರಿ ಬೇಕು. ತಣ್ಣಗಿರುವಾಗ ಥರ್ಮೋಸ್ಟಾಟ್ ಮುಚ್ಚಿರುತ್ತದೆ. ಗಾಳಿ ಅದರ ಹಿಂದೆ, ಎತ್ತರದ ತಿರುವುಗಳಲ್ಲಿ ಉಳಿಯುತ್ತದೆ. 1 ಲೀಟರ್ ನೀರು 1 ಡಿಗ್ರಿ ಬಿಸಿಯಾಗಲು ಸುಮಾರು 4,200 ಜೂಲ್ ಹೀರುತ್ತದೆ. ಅಷ್ಟೇ ಗಾತ್ರದ ಗಾಳಿ ಸುಮಾರು 1.2 ಜೂಲ್ ಮಾತ್ರ. ಗಾಳಿ ನಿಂತ ಜಾಗದ ಲೋಹ ಕಾಯುತ್ತಲೇ ಹೋಗುತ್ತದೆ. ಇನ್ನೂ ಅಪಾಯದ ಮಾತೆಂದರೆ, ಉಷ್ಣತೆ ಅಳೆಯುವ ಸೆನ್ಸರ್ ಗಾಳಿಯಲ್ಲಿದ್ದರೆ ಮುಳ್ಳು ಏರದೆಯೂ ಇರಬಹುದು. ತವಂದಿ ಘಾಟ್ ಏರುವ ಚಾಲಕ ಆ ಮುಳ್ಳನ್ನೇ ನಂಬಿರುತ್ತಾನೆ.

ಮರುದಿನ ಗೌಂಡಿಗಳು ಬಳಸುವ ಪಾರದರ್ಶಕ ಲೆವೆಲ್ ಪೈಪ್ ತಂದೆ. ಎರಡೂ ತುದಿ ಮೇಲೆ, ನಡುವೆ ಒಂದು ಗೂನು. ಒಂದು ತುದಿಗೆ ಆಲಿಕೆ ಇಟ್ಟು ಬಣ್ಣದ ನೀರು ಸುರಿದೆ. ಆಲಿಕೆ ತುಂಬಿತು, ಇನ್ನೊಂದು ತುದಿಯಲ್ಲಿ ನೀರು ಕೆಳಗೇ ನಿಂತಿತು, ಗೂನಿನಲ್ಲಿ ಗಾಳಿ. ಅದನ್ನು ತೆಗೆಯಲು ಪೈಪಿಗೆ ದಬ್ಬಣದಿಂದ ಚುಚ್ಚಿದೆ. ಗೂನಿಗಿಂತ ಕೆಳಗೆ ಚುಚ್ಚಿದ್ದರಿಂದ ನೀರು ನನ್ನ ಅಂಗಿಗೆ ಹಾರಿತು, ಗಾಳಿ ಅಲ್ಲೇ ಉಳಿಯಿತು. ಮಕ್ಕಳು ನಕ್ಕರು. ಪಾಠ ಯೋಜನೆಯಲ್ಲಿ ಇಲ್ಲದ ಈ ತಪ್ಪೇ ಹೆಚ್ಚು ಕಲಿಸಿತು ಎಂದು ನನ್ನ ಅನಿಸಿಕೆ. “ಮ್ಯಾಲ ಚುಚ್ಚರಿ ಸರ” ಎಂದು ಅವರೇ ಹೇಳಿದರು. ಕೆಳಗಿನ ತೂತಿಗೆ ಟೇಪ್ ಸುತ್ತಿ ಗೂನಿನ ನೆತ್ತಿಗೆ ಚುಚ್ಚಿದೊಡನೆ ಗಾಳಿ ಬುಸ್ಸೆಂದಿತು, ಆಲಿಕೆಯ ನೀರು ಇಳಿಯಿತು. ಹುಡುಗನ ಪ್ರಶ್ನೆಗೆ ಉತ್ತರ ಕಣ್ಣೆದುರಿಗೇ ಇತ್ತು: ನೀರು ಗಾಳಿಯ ಜಾಗಕ್ಕೆ ಹೋಗಿತ್ತು.

ಮೇಸ್ತ್ರಿ ಮಾಡುವುದೂ ಇದನ್ನೇ. ರೇಡಿಯೇಟರಿನ ಬಾಯಿ ಎಲ್ಲಕ್ಕಿಂತ ಮೇಲಿರುವಂತೆ ಮುಂಭಾಗ ಏರಿನ ಕಡೆ ನಿಲ್ಲಿಸಿ, ತಣ್ಣಗಿನ ಎಂಜಿನ್ನಿಗೆ ನಿಧಾನವಾಗಿ ತುಂಬಿಸುತ್ತಾರೆ. ಗಾಳಿ ಬಿಡುವ ಸ್ಕ್ರೂ ಇದ್ದರೆ ಗುಳ್ಳೆಯಿಲ್ಲದೆ ನೀರು ಬರುವತನಕ ಸಡಿಲಿಸಿಡುತ್ತಾರೆ. ಕಾರಿಗೆ ಹೀಟರ್ ಇದ್ದರೆ ಅದನ್ನೂ ಬಿಸಿಯ ಕಡೆ ತಿರುಗಿಸಬೇಕು. ಆಮೇಲೆ ಮುಚ್ಚಳ ತೆಗೆದಿಟ್ಟೇ ಎಂಜಿನ್ ಚಾಲೂ ಮಾಡಿ, ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾಗಿ ಗುಳ್ಳೆ ನಿಲ್ಲುವವರೆಗೆ ನೀರು ಸೇರಿಸುತ್ತಾರೆ.

ಇಲ್ಲಿ ಪಾಠ ನಿಲ್ಲಿಸಿ ಒಂದು ಎಚ್ಚರಿಕೆಯನ್ನು ಕಪ್ಪುಹಲಗೆಯ ಮೇಲೆ ಬರೆದೆ: ಓಡಿ ಬಂದ ಗಾಡಿಯ ಮುಚ್ಚಳ ತೆರೆಯಬಾರದು. ಒಳಗೆ ಒತ್ತಡವಿರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ತೆರೆದೊಡನೆ ಕುದಿದು ಮುಖಕ್ಕೆ ಎರಚುತ್ತದೆ.

ನನ್ನ ಇನ್ನೊಂದು ದೋಷವನ್ನು ಮೇಲ್ವಿಚಾರಕರು ಗುರುತಿಸಿದರು. ಎಂಜಿನ್ನಿನಲ್ಲಿ ನೀರನ್ನು ಪಂಪು ತಳ್ಳುತ್ತದೆ. ಪಠ್ಯದಲ್ಲಿರುವ, ಬಿಸಿನೀರು ತಾನಾಗಿ ಮೇಲೇರುವ ಸಂವಹನವೇ ಅದು ಎಂಬಂತೆ ನಾನು ಹೇಳಿದ್ದೆ. ಮೂರನೆಯ ಅವಧಿಯಲ್ಲಿ ತಿದ್ದುವಾಗ ಒಬ್ಬ ಹುಡುಗಿ ಕೇಳಿದಳು: “ಸರ, ಹೊಳಿ ಪಂಪಿಗೂ ಮೊದಲ ನೀರ ತುಂಬಿಸಿ ಚಾಲೂ ಮಾಡತಾರಲ್ರಿ, ಅದೂ ಇದ ಏನ್ರಿ?” ಸೀಮೆಸುಣ್ಣ ಅವಳ ಕೈಗೆ ಕೊಟ್ಟೆ.