ಹಲ್ದಿಘಾಟಿಯಲ್ಲಿ ಯಾರ್ಯಾರಿದ್ದರು

ತಮ್ಮಾ, ಹೊಸ ಬೈಕಿನ ನಂಬರ್ ಪ್ಲೇಟಿನ ಮೇಲೆ ‘ರಜಪೂತ್’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದೀ ಅಂತ ನಿನ್ನ ಅಪ್ಪ ಫೋನಿನಲ್ಲಿ ಹೇಳಿದ. ಮೊದಲು ಅದನ್ನು ಅಳಿಸು. ಆ ಪ್ಲೇಟಿನ ಮೇಲೆ ನಂಬರ್ ಬಿಟ್ಟು ಬೇರೇನೂ ಬರೆಸಬಾರದೆಂದು ಕಾನೂನಿದೆ. ಕುಲದ ಹೆಸರು ಹಾಕಿಕೊಂಡೇ ಕಾನೂನು ಮುರಿಯುವುದು ನಮ್ಮ ಮನೆತನಕ್ಕೆ ಶೋಭಿಸುವುದಿಲ್ಲ. ಇದು ಸಣ್ಣ ಮಾತು. ದೊಡ್ಡ ಮಾತು ಬೇರೆ ಇದೆ. ನಿನ್ನ ಓರಗೆಯ ನಮ್ಮ ಹುಡುಗರೆಲ್ಲ ಕೇಳಲಿ ಎಂದು ಬರೆಯುತ್ತಿದ್ದೇನೆ.

ಅಭಿಮಾನ ಬೇಡ ಎನ್ನುವವನಲ್ಲ ನಾನು. ನಮ್ಮ ಹಿರಿಯರು ಯಾವ ಕಾಲದಲ್ಲಿ ಯಾವ ದಂಡಿನ ಜೊತೆ ದಖ್ಖನ್ನಿಗೆ ಇಳಿದು ಬಂದರೋ, ಕಲಬುರಗಿ ಸೀಮೆಯ ಎರೆಹೊಲದಲ್ಲಿ ನೆಲೆ ನಿಂತರು. ಜೋಳದ ರೊಟ್ಟಿ ನಮ್ಮ ಊಟವಾಯಿತು, ಕನ್ನಡ ನಮ್ಮ ಮಾತಾಯಿತು. ಆದರೂ ದಸರೆಯ ದಿನ ಖಡ್ಗ ಒರೆಸಿ, ಎಣ್ಣೆ ಸವರಿ, ಕುಂಕುಮ ಇಡುವುದನ್ನು ಯಾವ ತಲೆಮಾರೂ ಬಿಟ್ಟಿಲ್ಲ. ನೇಲೋಗಿಯ ಧರ್ಮಸಿಂಗರು 2004ರಲ್ಲಿ ಮುಖ್ಯಮಂತ್ರಿಯಾದಾಗ ನಮ್ಮ ಓಣಿಯಲ್ಲಿ ಹಬ್ಬವೇ ಆಯಿತು, ನೀನಿನ್ನೂ ಹುಟ್ಟಿರಲಿಲ್ಲ. ಆದರೆ ಅವರ ಕ್ಷೇತ್ರವಾದ ಜೇವರ್ಗಿಯಲ್ಲಿ ರಜಪೂತರ ಮನೆಗಳು ಎಷ್ಟಿವೆ? ಅವರನ್ನು ಮತ್ತೆ ಮತ್ತೆ ಗೆಲ್ಲಿಸಿ ಕಳಿಸಿದವರು ಬೇರೆ ಬೇರೆ ಜಾತಿಯ, ಬೇರೆ ಬೇರೆ ಧರ್ಮದ ಜನ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದು.

ಮೊನ್ನೆ ನೀನು ವಾಟ್ಸಾಪಿನಲ್ಲಿ ಹಾಕಿದ್ದೆಯಲ್ಲ, ಹಲ್ದಿಘಾಟಿಯಲ್ಲಿ ನಮ್ಮವರು ಒಬ್ಬರೇ ನಿಂತು ಕಾದಿದರು ಅಂತ. ಸೈನ್ಯದಲ್ಲಿದ್ದಾಗ ನನಗೆ ರಾಜಸ್ಥಾನದ ಕಡೆ ಪೋಸ್ಟಿಂಗ್ ಆಗಿತ್ತು. ರಜೆ ಸಿಕ್ಕಾಗಲೆಲ್ಲ ಆ ಊರುಗಳನ್ನು ಸುತ್ತಿದ್ದೇನೆ. ಹಲ್ದಿಘಾಟಿ ನೀನು ಟೀವಿಯಲ್ಲಿ ನೋಡಿದಂಥ ವಿಶಾಲ ರಣರಂಗವಲ್ಲ, ಅರಾವಳಿ ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆ. ಅಲ್ಲಿನ ಮಣ್ಣನ್ನು ಬೆರಳಿನಲ್ಲಿ ಉಜ್ಜಿದರೆ ಅರಿಸಿನದ ಬಣ್ಣ ಹತ್ತುತ್ತದೆ. ಕಣಿವೆ ದಾಟಿ ಖಮ್ನೋರಿನ ಕಡೆ ಇಳಿದರೆ ರಕ್ತ ತಲಾಯಿ ಎಂಬ ಬಯಲು ಸಿಗುತ್ತದೆ. 1576ರ ಜೂನ್ 18ರಂದು ಹೆಚ್ಚು ರಕ್ತ ಹರಿದದ್ದು ಅಲ್ಲೇ. ಗ್ವಾಲಿಯರ್ ಕಳೆದುಕೊಂಡು ಮೇವಾಡದ ಆಶ್ರಯಕ್ಕೆ ಬಂದಿದ್ದ ರಾಮಶಾಹ ತಂವರ್ ತನ್ನ ಮಕ್ಕಳೊಂದಿಗೆ ಅಲ್ಲಿ ಬಿದ್ದ. ಅವರ ಛತ್ರಿಗಳು ಅಲ್ಲಿವೆ. ಅದೇ ನೆಲದಲ್ಲಿ ಹಕೀಮ್ ಖಾನ್ ಸೂರನ ಗೋರಿಯೂ ಇದೆ. ಅವನು ಅಫ್ಘಾನ, ಮೇವಾಡದ ರಾಣಾ ಪ್ರತಾಪನ ಪಡೆಯ ಮುಂಚೂಣಿ ಹಿಡಿದವನು. ಗುಡ್ಡದ ಮೇಲೆ ಬಿಲ್ಲು ಹಿಡಿದು ಕೂತವರು ಪೂಂಜಾನ ಭಿಲ್ಲರು. ರಾಣಾನನ್ನು ಶತ್ರುಗಳು ಸುತ್ತುಗಟ್ಟಿದಾಗ ಅವನ ರಾಜಚಿಹ್ನೆಯನ್ನು ತನ್ನ ಮೇಲೆ ಎತ್ತಿಕೊಂಡು, ಏಟೆಲ್ಲ ತನ್ನ ಕಡೆ ತಿರುಗುವಂತೆ ಮಾಡಿ ಸತ್ತವನು ಝಾಲಾ ಮಾನ್. ಇನ್ನು ಎದುರು ಪಾಳೆಯ ನೋಡು: ಅಕ್ಬರನ ಸೈನ್ಯದ ಸೇನಾಪತಿ ಆಂಬೇರಿನ ಮಾನಸಿಂಗ, ಕಛವಾಹ ರಜಪೂತ. ಎರಡೂ ಕಡೆ ರಜಪೂತರಿದ್ದರು, ಎರಡೂ ಕಡೆ ಮುಸಲ್ಮಾನರಿದ್ದರು. ಇಷ್ಟನ್ನೂ ಅಳಿಸಿ ಒಂದೇ ಕುಲದ ಹೆಸರು ಉಳಿಸಿಕೊಂಡರೆ ಆ ಗೋರಿಗೂ ದ್ರೋಹ, ಆ ಛತ್ರಿಗಳಿಗೂ ದ್ರೋಹ.

ಒಂದು ಕಠಿಣ ಮಾತನ್ನೂ ಹೇಳಿಬಿಡುತ್ತೇನೆ. ಆ ದಿನ ಪ್ರತಾಪ ಕಣ ಬಿಟ್ಟು ಹಿಂದೆ ಸರಿದ. ಅವನ ಕುದುರೆ ಚೇತಕನ ಕಥೆಯನ್ನು ಎಲ್ಲರೂ ಕಣ್ಣೀರಿಟ್ಟು ಹೇಳುತ್ತಾರೆ. ನನಗೆ ಪ್ರತಾಪ ದೊಡ್ಡವನಾಗಿ ಕಾಣುವುದು ಅದರ ಮರುದಿನದಿಂದ. ಮುಂದಿನ ಸುಮಾರು ಇಪ್ಪತ್ತು ವರ್ಷ ಅವನು ಗುಡ್ಡಗಳಲ್ಲೇ ಇದ್ದು, ಭಿಲ್ಲರ ಆಸರೆಯಲ್ಲಿ ಪಡೆ ಕಟ್ಟುತ್ತ ಹೋದ. ಭಾಮಾಶಾಹ ಎಂಬ ಜೈನ ಮಂತ್ರಿ ತನ್ನ ಸಂಪತ್ತನ್ನೆಲ್ಲ ತಂದು ಅವನ ಮುಂದಿಟ್ಟ. 1582ರಲ್ಲಿ ದಿವೇರ್ ಗೆದ್ದ ಮೇಲೆ ಮೊಗಲ ಠಾಣ್ಯಗಳು ಒಂದೊಂದಾಗಿ ಕಿತ್ತುಹೋದವು. 1597ರಲ್ಲಿ ಚಾವಂಡದಲ್ಲಿ ಪ್ರತಾಪ ಸಾಯುವ ಹೊತ್ತಿಗೆ ಚಿತ್ತೋಡ, ಮಾಂಡಲಗಢ ಬಿಟ್ಟರೆ ಮೇವಾಡದ ಬಹುಪಾಲು ಅವನ ಕೈಗೆ ಮರಳಿತ್ತು. ಒಂದು ದಿನದ ಶೌರ್ಯಕ್ಕಿಂತ ಇಷ್ಟು ವರ್ಷದ ಈ ತಾಳ್ಮೆ ಹೆಚ್ಚು ಎಂದು ನನ್ನ ಎಣಿಕೆ. ಉದಯಪುರದ ಅರಮನೆಯಲ್ಲಿ ಮೇವಾಡದ ರಾಜಲಾಂಛನ ಕೆತ್ತಿದ್ದಾರೆ: ನಡುವೆ ಸೂರ್ಯ, ಒಂದು ಪಕ್ಕ ರಜಪೂತ, ಇನ್ನೊಂದು ಪಕ್ಕ ಬಿಲ್ಲು ಹಿಡಿದ ಭಿಲ್ಲ. ತಾವು ಯಾರ ಋಣದಲ್ಲಿ ಬದುಕಿದ್ದೇವೆಂಬುದು ಆ ಮನೆತನಕ್ಕೆ ಗೊತ್ತಿತ್ತು. ಈ ಸಲ ಪ್ರತಾಪ ಜಯಂತಿಯ ಬ್ಯಾನರ್ ಮಾಡಿಸುವಾಗ ಹಕೀಮ್ ಖಾನ್, ಪೂಂಜಾ, ಭಾಮಾಶಾಹ, ಈ ಮೂವರ ಹೆಸರನ್ನೂ ಹಾಕಿಸಿ. ಕಮಿಟಿಯವರು ಯಾರಾದರೂ ತಕರಾರು ತೆಗೆದರೆ ನನ್ನ ಹತ್ತಿರ ಕಳಿಸು.

ನಮ್ಮದು ಹುಟ್ಟಾ ಯೋಧರ ರಕ್ತ ಎಂಬ ಮಾತು ನಿಮ್ಮ ಬಾಯಲ್ಲಿ ಬಹಳ ಕೇಳುತ್ತೇನೆ. ಹೀಗೆ ಜಾತಿ ಜಾತಿಗೆ ‘ಯೋಧ’, ‘ಯೋಧನಲ್ಲ’ ಎಂದು ಚೀಟಿ ಅಂಟಿಸಿದವರು ಬ್ರಿಟಿಷರು. 1857ರ ದಂಗೆ ಅವರನ್ನು ನಡುಗಿಸಿತ್ತು. ಆಮೇಲೆ ಯಾರನ್ನು ಸೈನ್ಯಕ್ಕೆ ಸೇರಿಸಬೇಕು, ಯಾರನ್ನು ಬಿಡಬೇಕು ಎಂದು ಕೈಪಿಡಿಗಳನ್ನೇ ಬರೆಸಿದರು. ಕೋರೆಗಾಂವದಲ್ಲಿ ಅವರಿಗಾಗಿ ಕಾದಿದ್ದ ಮಹಾರರಿಗೆ 1890ರ ದಶಕದಲ್ಲಿ ಭರ್ತಿಯ ಬಾಗಿಲನ್ನೇ ಮುಚ್ಚಿದರು. ದಕ್ಷಿಣದವರು ಕಾಳಗಕ್ಕೆ ಲಾಯಕ್ಕಲ್ಲ ಎಂದು ಮದರಾಸಿನ ಪದಾತಿ ಪಲ್ಟಣಗಳನ್ನು ಕಡಿತ ಮಾಡುತ್ತ ಬಂದರು. ನಾನು ದುಡಿದದ್ದು ಮದ್ರಾಸ್ ಸ್ಯಾಪರ್ಸ್‌ನಲ್ಲಿ, ಬೆಂಗಳೂರಿನ ಹಲಸೂರಿನ ಸೆಂಟರ್‌ನಲ್ಲಿ ತರಬೇತಿಯಾದವನು. ಆ ಕೈಪಿಡಿಗಳ ಪ್ರಕಾರ ನನ್ನ ಜೊತೆಯ ತಮಿಳರು, ತೆಲುಗರು, ಮಲಯಾಳಿಗಳು, ಕನ್ನಡಿಗರು ಯೋಧರಲ್ಲ. ಅವರು ಮೊಣಕಾಲೂರಿ, ಕಬ್ಬಿಣದ ಸರಳಿನಿಂದ ಮರಳನ್ನು ಓರೆಯಾಗಿ ತಿವಿಯುತ್ತ ನೆಲಬಾಂಬ್ ಹುಡುಕುವುದನ್ನು ನಾನು ಪಕ್ಕದಲ್ಲೇ ಇದ್ದು ನೋಡಿದ್ದೇನೆ. ಸರಳಿನ ತುದಿಗೆ ಗಟ್ಟಿ ತಗುಲಿದಾಗ ಕೈ ನಿಲ್ಲಬೇಕು, ಉಸಿರು ನಿಲ್ಲಬೇಕು, ಆಮೇಲೆ ಬರಿಗೈಯಿಂದ ಸುತ್ತಲಿನ ಮರಳು ಸರಿಸಬೇಕು. ಆ ಹೊತ್ತಿನಲ್ಲಿ ಯಾರ ಕುಲವೂ ಯಾರ ಕೈಯನ್ನೂ ಗಟ್ಟಿ ಮಾಡುವುದಿಲ್ಲ. ತರಬೇತಿ ಮಾಡುತ್ತದೆ, ಪಕ್ಕದವನ ಮೇಲಿನ ನಂಬಿಕೆ ಮಾಡುತ್ತದೆ.

ರಾಜಸ್ಥಾನದಲ್ಲಿದ್ದಾಗ ಮೇಜರ್ ಶೈತಾನ್ ಸಿಂಗರ ಊರಿಗೂ ಹೋಗಿದ್ದೆ. ಜೋಧಪುರದಿಂದ ಆಚೆ ಫಲೋದಿ ಕಡೆಯ ಬಾನಾಸರ್. ಈಗ ಊರಿಗೇ ಅವರ ಹೆಸರಿಟ್ಟಿದ್ದಾರೆ. ಮೇಜರ್ ಭಾಟಿ ರಜಪೂತರು. 1962ರ ನವೆಂಬರ್ 18ರ ಬೆಳಗಿನ ಜಾವ ಚುಶೂಲ್ ಬಳಿಯ ರೆಜಾಂಗ್ ಲಾದಲ್ಲಿ ಚೀನಾ ಸೈನ್ಯದ ಎದುರು 13ನೇ ಕುಮಾಊಂನ ಚಾರ್ಲಿ ಕಂಪನಿಯನ್ನು ನಡೆಸುತ್ತಿದ್ದವರು ಅವರು. ಕಂಪನಿಯ ಜವಾನರು ಹರಿಯಾಣದ ಅಹೀರರು, ಹೊಲ ಉತ್ತು ಎಮ್ಮೆ ಕಾಯುವ ಮನೆಯ ಮಕ್ಕಳು. ನಡುವೆ ಬೆಟ್ಟ ಅಡ್ಡವಿದ್ದುದರಿಂದ ನಮ್ಮ ಫಿರಂಗಿಗಳ ನೆರವು ಅವರಿಗೆ ಸಿಗುವಂತಿರಲಿಲ್ಲ. ಕೈಯಲ್ಲಿದ್ದದ್ದು ಹಳೆಯ .303 ರೈಫಲ್. ಮೇಜರ್ ಸಾಹೇಬರು ಗುಂಡಿನ ಮಳೆಯಲ್ಲಿ ಒಂದು ಪ್ಲಟೂನಿನಿಂದ ಇನ್ನೊಂದಕ್ಕೆ ಓಡಾಡುತ್ತ ಹುಡುಗರಿಗೆ ಧೈರ್ಯ ತುಂಬಿದರು. ಮೊದಲು ತೋಳಿಗೆ ಗುಂಡು ಬಿತ್ತು, ಆಮೇಲೆ ಹೊಟ್ಟೆಗೆ. ಎತ್ತಿಕೊಂಡು ಹೊರಟವರಿಗೆ, ನನ್ನನ್ನು ಇಲ್ಲೇ ಬಿಟ್ಟು ನೀವು ಹೋಗಿ ಎಂದು ಹುಕುಂ ಕೊಟ್ಟರು. ಸುಮಾರು 120 ಜನರ ಆ ಕಂಪನಿಯಲ್ಲಿ ನೂರಕ್ಕೂ ಹೆಚ್ಚು ಮಂದಿ ಅಲ್ಲೇ ಮಡಿದರು.

ಮುಂದಿನ ಫೆಬ್ರವರಿಯಲ್ಲಿ ಲಡಾಖಿನ ಕುರಿಗಾಹಿಯೊಬ್ಬ ಆ ಕಡೆ ಹೋದಾಗಲೇ ಅವರೆಲ್ಲ ಕಣ್ಣಿಗೆ ಬಿದ್ದದ್ದು. ಹಿಮದಲ್ಲಿ ಸೆಟೆದ ದೇಹಗಳು, ಕೈಯಲ್ಲಿ ರೈಫಲ್ ಹಾಗೇ ಇತ್ತು. ನರ್ಸಿಂಗ್ ಅಸಿಸ್ಟೆಂಟನ ಕೈಯಲ್ಲಿ ಸಿರಿಂಜ್ ಇತ್ತು. ಮೇಜರ್ ಸಾಹೇಬರ ದೇಹವನ್ನು ಜೋಧಪುರಕ್ಕೆ ತಂದು ದಹನ ಮಾಡಿದರು, ಪರಮವೀರ ಚಕ್ರ ಬಂತು. ಈಗ ಹೇಳು, ಆ ಬೆಟ್ಟದ ಮೇಲಿನ ಶೌರ್ಯ ರಜಪೂತರದೋ, ಅಹೀರರದೋ? ಎರಡೂ ಸಮಾಜದವರು ಬೇರೆ ಬೇರೆ ಸಭೆ ಮಾಡಿ ಹಂಚಿಕೊಳ್ಳಲು ಹೊರಟರೆ ನನಗೆ ಸಂಕಟವಾಗುತ್ತದೆ. ಸಾಯುವಾಗ ಅವರು ಹಂಚಿಕೊಂಡಿರಲಿಲ್ಲ.

ಮೊದಲ ಮಹಾಯುದ್ಧದ ಹೈಫಾ ಕಾಳಗದ ಮಾತೂ ಅಷ್ಟೇ. 1918ರ ಸೆಪ್ಟೆಂಬರ್ 23ರಂದು ಜೋಧಪುರ ಲ್ಯಾನ್ಸರ್ಸ್ ಕುದುರೆ ಏರಿ ಆ ಊರಿಗೆ ನುಗ್ಗಿದ್ದನ್ನು, ಮೇಜರ್ ದಲಪತ್ ಸಿಂಗ್ ಮಡಿದದ್ದನ್ನು ಎಲ್ಲರೂ ಹೇಳುತ್ತಾರೆ. ಅದೇ ಹೊತ್ತಿಗೆ ಕಾರ್ಮೆಲ್ ಬೆಟ್ಟದ ಮೇಲಿನ ತೋಪುಗಳ ಮೇಲೆ ಬಿದ್ದವರು ನಮ್ಮ ಮೈಸೂರು ಲ್ಯಾನ್ಸರ್ಸ್. ದಿಲ್ಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ಜೋಧಪುರ, ಮೈಸೂರು, ಹೈದರಾಬಾದಿನ ಸವಾರರು ಒಟ್ಟಿಗೆ ನಿಂತಿದ್ದಾರೆ. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ, ಮುಂದಿನ ಸಲ ಹೋದಾಗ ನೋಡಿಕೊಂಡು ಬಾ.

ಹಿರಿಯರ ಒಳ್ಳೆಯದನ್ನಷ್ಟೇ ನಮ್ಮದೆಂದು ಹೇಳಿಕೊಂಡು, ಕೆಟ್ಟದ್ದನ್ನು ಬಚ್ಚಿಡುವುದು ವೀರರ ಲಕ್ಷಣವಲ್ಲ. 1987ರ ಸೆಪ್ಟೆಂಬರಿನಲ್ಲಿ ಸೀಕರ್ ಜಿಲ್ಲೆಯ ದೇವರಾಲಾದಲ್ಲಿ ಹದಿನೆಂಟರ ಸೊಸೆಯೊಬ್ಬಳು ಗಂಡನ ಚಿತೆಯಲ್ಲಿ ಸುಟ್ಟುಹೋದಳು. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಆಮೇಲೆ ಅವಳನ್ನು ಸತಿಯೆಂದು ಪೂಜಿಸಲು ನಡೆದ ಚುನರಿ ಸಮಾರಂಭಕ್ಕೆ ಜನ ಲಕ್ಷಗಟ್ಟಲೆ ಸೇರಿದರು, ನಿನ್ನ ವಯಸ್ಸಿನ ನಮ್ಮ ಹುಡುಗರು ಬಿಚ್ಚುಗತ್ತಿ ಹಿಡಿದು ಆ ಜಾಗಕ್ಕೆ ಕಾವಲು ನಿಂತರು. ಮೇವಾಡದಲ್ಲಿ ಹೆಂಗಸರು ಮಕ್ಕಳ ಮಾನ ಕಾಯಲು ಎತ್ತಿದ ಕತ್ತಿ ಅಲ್ಲಿ ಒಂದು ಹೆಣ್ಣುಮಗುವಿನ ಬೂದಿಯನ್ನು ಕಾಯುತ್ತಿತ್ತು. ಸುದ್ದಿ ಓದಿದ ದಿನ ನನಗೆ ಅನ್ನ ಸೇರಲಿಲ್ಲ. ಸತಿ ತಡೆಗೆ ಹೊಸ ಕಾನೂನು ಬಂತು, ಬರಲೇಬೇಕಿತ್ತು. 2018ರ ಜನವರಿಯಲ್ಲಿ ‘ಪದ್ಮಾವತ್’ ಸಿನಿಮಾ ವಿರೋಧಿಸಿ ಗಲಾಟೆಯೆದ್ದಾಗ ಗುರುಗ್ರಾಮದಲ್ಲಿ ಶಾಲಾಮಕ್ಕಳಿದ್ದ ಬಸ್ಸಿನ ಮೇಲೆ ಕಲ್ಲು ಬಿತ್ತು. ರಾಣಿಯ ಗೌರವದ ಹೆಸರು ಹೇಳಿ ಮಕ್ಕಳನ್ನು ಸೀಟಿನ ಕೆಳಗೆ ಅಡಗುವಂತೆ ಮಾಡುವುದು ಯಾವ ಗೌರವ? ಅಂಥ ಮೆರವಣಿಗೆಗೆ ಯಾರಾದರೂ ಕರೆದರೆ ಹೋಗಬೇಡ. ಹೇಡಿ ಅಂದರೆ ಅನ್ನಿಸಿಕೋ.

ಸ್ವಂತದವರ ಎದುರು ನಿಲ್ಲಲು ಬೇರೆಯದೇ ಎದೆಗಾರಿಕೆ ಬೇಕು. ರಾಜಸ್ಥಾನದ ಭೈರೋನ್ ಸಿಂಗ್ ಶೇಖಾವತ್ 1952ರಲ್ಲಿ ಮೊದಲ ಸಲ ಶಾಸಕರಾದಾಗ ಜಾಗೀರು ರದ್ದಾಗಬೇಕು, ಉಳುವವನಿಗೆ ನೆಲ ಸಿಗಬೇಕು ಎಂಬ ಪಕ್ಷ ಹಿಡಿದರು. ರಜಪೂತ ಜಾಗೀರದಾರರೇ ಸಿಟ್ಟಾದರು. ಶೇಖಾವತ್ ಕದಲಲಿಲ್ಲ, ಮುಂದೆ ಉಪರಾಷ್ಟ್ರಪತಿಯೂ ಆದರು.

ಇನ್ನು ಮನೆಯ ಮಾತು. ನಿನ್ನ ತಂಗಿ ಎನ್‌ಡಿಎ ಫಾರ್ಮ್ ತುಂಬಬೇಕು ಅಂತಿದ್ದಾಳಂತೆ. ಹೆಣ್ಣುಮಕ್ಕಳಿಗೇಕೆ ಅದೆಲ್ಲ ಎಂದು ಅಪ್ಪ ಗೊಣಗುತ್ತಿದ್ದಾನೆ, ನೀನೂ ನಕ್ಕೆಯಂತೆ. 2022ರಲ್ಲಿ ಖಡಕ್‌ವಾಸ್ಲಾದ ಎನ್‌ಡಿಎ ಅಕಾಡೆಮಿ ಸೇರಿದ ಹುಡುಗಿಯರ ಮೊದಲ ತಂಡ 2025ರ ಮೇನಲ್ಲಿ ಪಾಸಾಗಿ ಹೊರಬಂತು, 17 ಮಂದಿ. ಅವಳು ಹತ್ತು ಸುತ್ತು ಓಡಿದರೂ ದಣಿಯುವವಳಲ್ಲ, ನಾನು ನೋಡಿದ್ದೇನೆ. ಅಪ್ಪನ ಜೊತೆ ನಾನು ಮಾತಾಡುತ್ತೇನೆ, ಅದು ನನಗಿರಲಿ. ಪರೀಕ್ಷೆ ವರ್ಷಕ್ಕೆ ಎರಡು ಸಲ ಇರುತ್ತದೆ, ಗಣಿತದ ಪತ್ರಿಕೆಯೇ 300 ಅಂಕದ್ದು. ಅವಳಿಗೆ ಹೆದರಿಕೆ ಇರುವುದೂ ಅದೊಂದಕ್ಕೇ, ನೀನು ಗಟ್ಟಿ ಇರುವುದೂ ಅದರಲ್ಲೇ. ಸಂಜೆ ಗೆಳೆಯರ ಜೊತೆ ಕಟ್ಟೆಗೆ ಹೋಗುವ ಮುಂಚೆ ಒಂದು ತಾಸು ಅವಳ ಪಕ್ಕ ಕೂತು ಲೆಕ್ಕ ಹೇಳಿಕೊಡು. ತ್ರಿಕೋನಮಿತಿಯಿಂದ ಶುರುಮಾಡು.