ಲೂಸಿಯಾ, ಮ್ಯಾಟ್ರಿಕ್ಸ್ ಮತ್ತು ಮಾನ್ವಿಯ ದಾಸರು

ಯರಗೇರಾದ ಬಿಸಿಲಿಗೆ ಮಧ್ಯಾಹ್ನ ಮಲಗಿ ಎದ್ದಾಗ ಒಂದೆರಡು ಕ್ಷಣ ಬೆಳಗೋ ಸಂಜೆಯೋ ತಿಳಿಯಲ್ಲ, ಅಲ್ವಾ? ಎಷ್ಟೋ ಸೈನ್ಸ್ ಫಿಕ್ಷನ್ ಕಥೆಗಳು ಹುಟ್ಟೋದು ಆ ಗೊಂದಲದಲ್ಲೇ.

1999ರ ‘ದಿ ಮ್ಯಾಟ್ರಿಕ್ಸ್’ನಲ್ಲಿ ಜನ ಬದುಕ್ತಿರೋದು ಯಂತ್ರಗಳು ನಡೆಸುವ ಸಿಮ್ಯುಲೇಷನ್ ಒಳಗೆ. ಕನ್ನಡದಲ್ಲಿ ಇದಕ್ಕೆ ಹತ್ತಿರದ ಪ್ರಶ್ನೆ ಎತ್ತಿದ್ದು ಪವನ್ ಕುಮಾರ್ ನಿರ್ದೇಶಿಸಿದ, ಪ್ರೇಕ್ಷಕರೇ ದುಡ್ಡು ಹಾಕಿ ಮಾಡಿಸಿದ ‘ಲೂಸಿಯಾ’ (2013). ನೋಡಿರದಿದ್ದರೆ ನೋಡಿ ಬಂದು ಮುಂದೆ ಓದಿ! ಥಿಯೇಟರಿನಲ್ಲಿ ಟಾರ್ಚ್ ಬಿಡೋ ಹುಡುಗನಿಗೆ ನಿದ್ದೆ ಬರಲ್ಲ. ಒಂದು ಮಾತ್ರೆ ನುಂಗಿದರೆ ಕನಸಿನಲ್ಲಿ ಅವನೇ ಸಿನಿಮಾ ಸ್ಟಾರ್. ಕೊನೆಗೆ ಗೊತ್ತಾಗೋದು ಏನಂದ್ರೆ, ಸ್ಟಾರ್ ನಿಜ, ಟಾರ್ಚ್ ಹುಡುಗನೇ ಕನಸು.

ಇಲ್ಲಿ ಎರಡು ಪ್ರಶ್ನೆಗಳಿವೆ. ಎರಡನ್ನೂ ಬೇರೆ ಬೇರೆಯಾಗಿಯೇ ನೋಡೋಣ.

ಒಂದು: ಇದು ಕನಸಲ್ಲ ಅಂತ ಹೇಗೆ ಗೊತ್ತು? ಫ್ರಾನ್ಸಿನ ಡೆಕಾರ್ಟ್ 1641ರಲ್ಲೇ ಇದನ್ನು ಕೇಳಿದ್ದ. ಅದ್ವೈತವು ಪರಮಾರ್ಥದಲ್ಲಿ ಜಗತ್ತು ಮಿಥ್ಯೆ ಅನ್ನುತ್ತೆ. ಆದರೆ ‘ಹರಿಕಥಾಮೃತಸಾರ’ ಬರೆದ, ನಮ್ಮದೇ ಜಿಲ್ಲೆಯ ಮಾನ್ವಿಯ ಜಗನ್ನಾಥದಾಸರು ನಡೆದದ್ದು ಮಧ್ವಮತದ ದಾರಿಯಲ್ಲಿ. ಅದರ ಪ್ರಕಾರ ಜಗತ್ತು ಸತ್ಯ. ಕನಸಿನ ಬಗ್ಗೆ ಆ ಮತದ ಮಾತು ಇನ್ನೂ ಸ್ವಾರಸ್ಯವಾಗಿದೆ. ಕನಸಲ್ಲಿ ಕಂಡದ್ದೂ ಸುಳ್ಳಲ್ಲ. ಅದು ಮನಸ್ಸಿನಲ್ಲಿ ಉಳಿದ ವಾಸನೆಗಳಿಂದ, ಅಂದ್ರೆ ಹಳೇ ಅನುಭವಗಳ ಸಂಸ್ಕಾರದಿಂದ ಆದದ್ದು. ಅದನ್ನು ಎಚ್ಚರದಲ್ಲಿ ಕಾಣುವ ಹೊರಗಿನ ವಸ್ತು ಅಂದುಕೊಳ್ಳೋದಷ್ಟೇ ತಪ್ಪು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಡೇಟಾ ಸರಿ, ಲೇಬಲ್ ತಪ್ಪು! ‘ಲೂಸಿಯಾ’ದ ಕನಸೂ ಹೀಗೇ: ಸ್ಟಾರ್ ಬದುಕಿನ ಮುಖಗಳೇ ಅಲ್ಲಿ ಬೇರೆ ವೇಷದಲ್ಲಿ ಬರ್ತವೆ.

ಎರಡು: ಕನಸೇ ಚೆನ್ನಾಗಿದ್ರೆ ಎದ್ದೇಳೋದು ಯಾಕೆ? ಅಮೆರಿಕದ ತತ್ವಜ್ಞಾನಿ ರಾಬರ್ಟ್ ನೋಜಿಕ್ 1974ರಲ್ಲಿ ಒಂದು ‘ಅನುಭವ ಯಂತ್ರ’ ಕಲ್ಪಿಸಿದ. ಒಳಗೆ ಕೂತರೆ ಬೇಕಾದ ಅನುಭವವೆಲ್ಲ ಸಿಗುತ್ತೆ. ಆದರೂ ನಾವು ಕೂರಬಾರದು ಅಂತಾನೆ ಅವನು. ಯಾಕಂದ್ರೆ ನಮಗೆ ಮಾಡಿದ ಹಾಗೆ ಅನ್ನಿಸಿದರೆ ಸಾಲದು, ಮಾಡಬೇಕು. ಸೆಮಿಸ್ಟರ್ ಪಾಸಾದ ಕನಸು ಬಿದ್ದರೆ ಬ್ಯಾಕ್‌ಲಾಗ್ ಹೋಗಲ್ಲವಲ್ಲ!

‘ಲೂಸಿಯಾ’ ಇದಕ್ಕೆ ಎದುರು ಪ್ರಶ್ನೆ ಹಾಕುತ್ತೆ. ಅಲ್ಲಿ ಸ್ಟಾರ್ ಬದುಕು ಕಪ್ಪು-ಬಿಳುಪು, ಕನಸಿಗೆ ಬಣ್ಣ. ಎಲ್ಲ ಇದ್ದವನು ಕನಸು ಕಂಡದ್ದು ಸಾಮಾನ್ಯ ಹುಡುಗನ ಪ್ರೀತಿಯನ್ನು. ಅಂದ್ರೆ ಎಚ್ಚರದ ಬದುಕಿನಲ್ಲಿ ಏನು ಕಡಿಮೆಯಿದೆ ಅಂತ ಕನಸು ತೋರಿಸಿಕೊಡ್ತು.

ರಾತ್ರಿ ಎರಡರವರೆಗೆ ರೀಲ್ಸ್ ನೋಡೋ ನಮಗೆ ಈ ಪ್ರಶ್ನೆ ದೂರದ್ದಲ್ಲ. ನಾಳೆ ವಿಆರ್ ಕನ್ನಡಕಕ್ಕೆ ಕೋಡ್ ಬರೆಯೋರೂ ನಾವೇ. ಹಾಸ್ಟೆಲ್ಲಿನಲ್ಲಿ ಇವತ್ತು ಇದನ್ನೇ ಚರ್ಚೆ ಮಾಡಿ: ನೋಜಿಕ್‌ನ ಯಂತ್ರ ಬಾಗಿಲಿಗೆ ಬಂದರೆ ನೀವು ಕೂರ್ತೀರಾ? ಕೂರೋದಾದ್ರೆ, ಹೊರಗಿನ ಬದುಕಿನಲ್ಲಿ ಏನು ಸಿಗಲಿಲ್ಲ ಅಂತ?